ಹಳೆಯ ಟ್ರಕ್ಕಿನ ರೇಡಿಯೇಟರ್ ತೊಳೆಯುವ ಮುನ್ನ

ನಾನು ಕೊಂಡ ಹಳೆಯ ಡೀಸೆಲ್ ಟ್ರಕ್ಕು ಖಾಲಿ ಓಡುವಾಗ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಲೋಡು ಹೊತ್ತು ಉದ್ದನೆಯ ಏರು ಹತ್ತತೊಡಗಿದರೆ ಮಾತ್ರ ಗೇಜಿನ ಮುಳ್ಳು ನಿಧಾನವಾಗಿ ಮೇಲೇರಿ ಕೆಂಪು ಗೆರೆಯ ಹತ್ತಿರ ಬಂದು ನಿಲ್ಲುತ್ತಿತ್ತು. ನೋಡಿದವರೆಲ್ಲ ರೇಡಿಯೇಟರ್ ತೊಳೆಸಿದರೆ ಸರಿಹೋಗುತ್ತದೆ ಎಂದರು. ಅವರ ಮಾತು ತಪ್ಪಾಗಿರಲಿಲ್ಲ. ಆದರೆ ತೊಳೆಯುವುದಕ್ಕೆ ಮೊದಲು ಒಳಗಿರುವ ಕೊಳೆ ಯಾವ ಬಗೆಯದು ಎಂದು ತಿಳಿದುಕೊಳ್ಳದೆ ಕೈಹಾಕಿದರೆ ಶ್ರಮವೆಲ್ಲ ವ್ಯರ್ಥವಾಗುತ್ತದೆ, ಕೆಲವೊಮ್ಮೆ ಇದ್ದದ್ದೂ ಕೆಡುತ್ತದೆ ಎಂಬುದನ್ನು ಆ ಟ್ರಕ್ಕಿನ ಮೇಲೆ ಕೆಲಸ ಮಾಡುತ್ತಲೇ ನಾನು ಕಲಿತೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅಂದರೆ ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ, ರೇಡಿಯೇಟರಿನ ಮುಚ್ಚಳ ತೆಗೆದು ಒಂದು ಗಾಜಿನ ಲೋಟದಲ್ಲಿ ನೀರು ತೆಗೆದಿಟ್ಟುಕೊಂಡೆ. ನೋಡುವುದಕ್ಕೆ ಹಳೆಯ ಕಷಾಯದ ಬಣ್ಣ. ಅರ್ಧ ಗಂಟೆಯಲ್ಲಿ ಲೋಟದ ತಳದಲ್ಲಿ ಒಂದು ಬೆರಳು ದಪ್ಪ ಕೆಂಪು ಗಸಿ ಕೂತಿತು. ಅದನ್ನು ಎರಡು ಬೆರಳುಗಳ ನಡುವೆ ಉಜ್ಜಿದಾಗ ಸಣ್ಣ ಮರಳಿನಂತೆ ತರಿತರಿಯಾಗಿತ್ತು, ಜಿಡ್ಡು ಇರಲಿಲ್ಲ. ಹಾಗಾಗಿ ಅದು ತುಕ್ಕು ಎಂಬುದು ಖಚಿತವಾಯಿತು. ಅದೇ ನೀರು ಹಾಲು ಬೆರೆಸಿದ ಚಾಕೊಲೇಟಿನಂತೆ ಇದ್ದು ಬೆರಳಿಗೆ ಅಂಟಿದ್ದರೆ ಎಣ್ಣೆ ಬೆರೆತಿದೆ ಎಂದರ್ಥ. ಆಗ ತೊಳೆಯುವ ಕೆಲಸ ಬದಿಗಿಟ್ಟು ಮೊದಲು ಆಯಿಲ್ ಕೂಲರನ್ನೋ, ಎಂಜಿನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ಟನ್ನೋ ಪರೀಕ್ಷಿಸಬೇಕು. ಮುಚ್ಚಳದ ಕೆಳಗೆ, ನಳಿಕೆಗಳ ಬಾಯಲ್ಲಿ ಬಿಳಿಯ ಗಟ್ಟಿ ಪದರ ಕಂಡರೆ ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಟ್ಟಿದ ಗಾರೆ. ಹಸಿರು ಲೋಳೆಯಂಥದ್ದು ಕಂಡರೆ ಒಂದಕ್ಕೊಂದು ಹೊಂದದ ಕೂಲೆಂಟುಗಳನ್ನು (ಎಂಜಿನ್ ತಣಿಸುವ ದ್ರವಗಳನ್ನು) ಬೆರೆಸಿದ್ದಾರೆ, ಇಲ್ಲವೇ ರಾಸಾಯನಿಕವನ್ನು ಅಳತೆ ಮೀರಿ ಸುರಿದಿದ್ದಾರೆ. ತುಕ್ಕು ಮತ್ತು ಗಾರೆಗೆ ಆಮ್ಲ ಬೇಕು, ಎಣ್ಣೆಗೆ ಸಾಬೂನಿನ ಗುಣದ ಕ್ಲೀನರ್ ಬೇಕು. ಎಣ್ಣೆಯ ಪದರದ ಮೇಲೆ ಆಮ್ಲ ಹಾಕಿದರೆ ಅದು ಕೆಳಗಿನ ಗಾರೆಯನ್ನು ಮುಟ್ಟುವುದೇ ಇಲ್ಲ. ಎರಡೂ ಇದ್ದಾಗ ಮೊದಲು ಎಣ್ಣೆ ತೆಗೆದು ಆಮೇಲೆ ಗಾರೆಗೆ ಹೋಗಬೇಕು.

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕೂಲಿಂಗ್ ವ್ಯವಸ್ಥೆಯ ಮೂಲಕವೇ ಹೊರಗೆ ಹೋಗಬೇಕು. ಬೀಡುಕಬ್ಬಿಣಕ್ಕೆ ಹೋಲಿಸಿದರೆ ಸುಣ್ಣದ ಗಾರೆ ಶಾಖವನ್ನು ಹತ್ತಾರು ಪಟ್ಟು ಕಡಿಮೆ ದಾಟಿಸುತ್ತದೆ. ಹಾಗಾಗಿ ಉಗುರಿನಷ್ಟು ತೆಳುವಾದ ಪದರವೂ ಸಿಲಿಂಡರ್ ಹೆಡ್ಡಿಗೆ ಕಂಬಳಿ ಹೊದಿಸಿದಂತೆ. ಇನ್ನೂ ಕಷ್ಟವೆಂದರೆ ಈ ಗಾರೆ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲೇ, ಅಂದರೆ ಎಕ್ಸಾಸ್ಟ್ ವಾಲ್ವುಗಳ ಸುತ್ತ, ಎಲ್ಲಕ್ಕಿಂತ ಹೆಚ್ಚು ಕಟ್ಟುತ್ತದೆ. ಅಲ್ಲಿ ಗೇಜಿನ ಸೆನ್ಸರ್ ಇರುವುದಿಲ್ಲವಾದ್ದರಿಂದ ಮುಳ್ಳು ಸರಿಯಾಗಿ ತೋರಿಸುತ್ತಿರುವಾಗಲೂ ಹೆಡ್ಡು ಒಳಗೊಳಗೇ ಬೇಯುತ್ತಿರಬಹುದು.

ನೀರು ಖಾಲಿ ಮಾಡುವಾಗ ಬಹಳ ಮಂದಿ ರೇಡಿಯೇಟರಿನ ಕೆಳಗಿನ ನಲ್ಲಿಯನ್ನಷ್ಟೇ ತಿರುಗಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಎಂಜಿನ್ ಬ್ಲಾಕಿನಲ್ಲಿರುವ ನೀರಿನಲ್ಲಿ ಸಾಕಷ್ಟು ಪಾಲು ಅದರಿಂದ ಹೊರಬರುವುದಿಲ್ಲ. ಬ್ಲಾಕಿನ ಬದಿಯಲ್ಲಿ, ತಳಭಾಗದಲ್ಲಿ, ಅದಕ್ಕೆಂದೇ ಒಂದು ಡ್ರೈನ್ ಪ್ಲಗ್ ಇರುತ್ತದೆ. ನನ್ನ ಟ್ರಕ್ಕಿನಲ್ಲಿ ಅದನ್ನು ಬಿಚ್ಚಿದಾಗ ಒಂದು ಹನಿಯೂ ಬರಲಿಲ್ಲ. ಗಟ್ಟಿ ತಂತಿಯೊಂದನ್ನು ರಂಧ್ರದೊಳಗೆ ತೂರಿಸಿ ತಿರುವಿದೆ. ಮೊದಲು ಕರಿಗೆಂಪು ಕೆಸರು ಪೇಸ್ಟಿನಂತೆ ಹಿಂಡಿಕೊಂಡು ಬಂತು, ಆಮೇಲೆ ಒಮ್ಮೆಲೇ ಬಗ್ಗಡದ ನೀರು ಹೊಮ್ಮಿ ಮೊಣಕೈವರೆಗೆ ಎರಚಿತು. ಹಿಂದಿನ ಒಡೆಯರು ಎಷ್ಟೋ ಸಲ ನೀರು ಬದಲಿಸಿದ್ದರೂ ಲೈನರುಗಳ, ಅಂದರೆ ಪಿಸ್ಟನ್ನು ಓಡಾಡುವ ಲೋಹದ ಕೊಳವೆಗಳ, ಬುಡ ವರ್ಷಗಟ್ಟಲೆ ಆ ಕೆಸರಿನಲ್ಲೇ ಹೂತಿತ್ತೆಂದು ಆಗ ಗೊತ್ತಾಯಿತು. ಹೀಟರಿನ ವಾಲ್ವನ್ನೂ ಪೂರ್ತಿ ತೆರೆದಿಡಬೇಕು, ಇಲ್ಲದಿದ್ದರೆ ಆ ಭಾಗದ ಹಳೆಯ ನೀರು ಅಲ್ಲೇ ಉಳಿಯುತ್ತದೆ. ಹೊರಬಂದ ಕೂಲೆಂಟನ್ನು ಡಬ್ಬಿಗಳಲ್ಲಿ ಹಿಡಿದು ಮುಚ್ಚಿಡುವುದು ಕಡ್ಡಾಯ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಅದರ ರುಚಿ ಸಿಹಿ. ನೆಲದ ಮೇಲೆ ನಿಂತ ಸ್ವಲ್ಪವನ್ನು ನೆಕ್ಕಿದರೂ ನಾಯಿ ಬೆಕ್ಕುಗಳು ಸಾಯಬಹುದು.

ನನಗೆ ಬೇಕಿದ್ದದ್ದು ತುಕ್ಕು ಕರಗಿಸುವ ಆಮ್ಲವಾದ್ದರಿಂದ ಸಿಟ್ರಿಕ್ ಆಮ್ಲದ ಪುಡಿಯನ್ನು ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಬಿಸಿನೀರಿನಲ್ಲಿ ಕದಡಿ ತುಂಬಿಸಿ, ಎಂಜಿನನ್ನು ಸಾಧಾರಣ ಬಿಸಿಯಲ್ಲಿ ಸುಮಾರು ಒಂದು ಗಂಟೆ ಓಡಿಸಿ, ತಣಿದ ಮೇಲೆ ಬಸಿದೆ. ಕಪ್ಪು ನೀರು ಬಂತು. ಎರಡನೆಯ ಸಲ ಅದು ಕಂದು ಬಣ್ಣಕ್ಕೆ ತಿರುಗಿತು. ಅನಂತರ ಅಡುಗೆ ಸೋಡಾ ಬೆರೆಸಿದ ತೆಳು ನೀರಿನಿಂದ ಉಳಿದ ಆಮ್ಲವನ್ನು ಶಮನಗೊಳಿಸಿ, ಬಸಿದ ನೀರು ಲೋಟದಲ್ಲಿ ತಿಳಿಯಾಗಿ ಕಾಣುವವರೆಗೆ ಬರಿಯ ನೀರಿನಲ್ಲಿ ಜಾಲಾಡಿದೆ. ಥರ್ಮೋಸ್ಟಾಟನ್ನು, ಅಂದರೆ ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟವನ್ನು, ಹೊರಗೆ ತೆಗೆದಿಟ್ಟು, ನೀರು ಸಾಮಾನ್ಯವಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ಅಂದರೆ ರೇಡಿಯೇಟರಿನ ಕೆಳಗಿನಿಂದ ಮೇಲಕ್ಕೆ, ಪೈಪಿನ ನೀರು ಬಿಟ್ಟರೆ ನಳಿಕೆಗಳ ಬಾಯಲ್ಲಿ ಸಿಕ್ಕಿಕೊಂಡ ಚಕ್ಕೆಗಳು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತವೆ. ಒತ್ತಡ ಮಾತ್ರ ಮಿತದಲ್ಲಿರಲಿ. ನನ್ನದು ಹಿತ್ತಾಳೆ ಟ್ಯಾಂಕಿನ, ತಾಮ್ರದ ನಳಿಕೆಯ, ಬೆಸುಗೆ ಹಾಕಿದ ರೇಡಿಯೇಟರ್. ಅಲ್ಯೂಮಿನಿಯಂ ರೇಡಿಯೇಟರ್ ಇರುವವರು ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರವನ್ನು ಹತ್ತಿರಕ್ಕೂ ತರಬಾರದು, ಅದು ಲೋಹವನ್ನೇ ತಿನ್ನುತ್ತದೆ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಹಳ ಹಳೆಯ ರೇಡಿಯೇಟರಿನಲ್ಲಿ ಸೂಜಿಮೊನೆಯಂಥ ತೂತುಗಳನ್ನು ಆ ಗಾರೆಯೇ ಮುಚ್ಚಿಕೊಂಡಿರುತ್ತದೆ, ಹಾಗಾಗಿ ತೊಳೆದ ಮರುದಿನ ಸೋರಿಕೆ ಕಂಡರೆ ತೊಳೆದದ್ದೇ ತಪ್ಪೆಂದು ತಿಳಿಯಬೇಕಾಗಿಲ್ಲ.

ಥರ್ಮೋಸ್ಟಾಟ್ ತೆಗೆಯಲು ಹೋದಾಗ ಇನ್ನೊಂದು ಸತ್ಯ ಹೊರಬಿತ್ತು. ಅದು ಕೂರುವ ಗೂಡಿನೊಳಗೆ ಏನೂ ಇರಲಿಲ್ಲ. ಗಾಡಿ ಬಿಸಿಯಾಗುತ್ತಿದೆಯೆಂದು ಯಾರೋ ಅದನ್ನು ಕಿತ್ತು ಹಾಗೆಯೇ ಮುಚ್ಚಿದ್ದರು. ಇದು ಎಲ್ಲೆಲ್ಲೂ ಕಾಣುವ ತಪ್ಪು, ಮನಸ್ಸಿಗೆ ಬಹಳ ನೋವು ಕೊಡುವ ತಪ್ಪು ಕೂಡ. ಅನೇಕ ಎಂಜಿನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಬೈಪಾಸ್ ದಾರಿಯನ್ನು ತಾನೇ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಮತ್ತೆ ಎಂಜಿನಿಗೇ ಸುತ್ತು ಹಾಕುತ್ತದೆ. ಏರಿನಲ್ಲಿ ಕಾಯಿಸುವ ಆ ವ್ಯವಸ್ಥೆಯೇ ಇಳಿಜಾರಿನಲ್ಲಿ ಎಂಜಿನನ್ನು ಅತಿಯಾಗಿ ತಣಿಸುತ್ತದೆ. ತಣ್ಣನೆಯ ಡೀಸೆಲ್ ಎಂಜಿನಿನಲ್ಲಿ ಇಂಧನ ಪೂರ್ತಿ ಉರಿಯುವುದಿಲ್ಲ, ಲೈನರ್ ಬೇಗ ಸವೆಯುತ್ತದೆ, ಎಂಜಿನ್ ಆಯಿಲಿನಲ್ಲಿ ರಾಡಿ ಕಟ್ಟುತ್ತದೆ. ಹೊಸ ಥರ್ಮೋಸ್ಟಾಟನ್ನು ಹಾಕುವ ಮುನ್ನ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿದೆ. ಅದರ ಮೇಲೆ 82 ಎಂದು ಅಚ್ಚೊತ್ತಿತ್ತು. ಆ ಅಂಕಿಯ ಆಸುಪಾಸಿನಲ್ಲಿ ಕವಾಟ ಮಿಸುಕಿತು, ನೀರು ಕುದಿಯುವ ಹೊತ್ತಿಗೆ ಪೂರ್ತಿ ಬಾಯಿ ತೆರೆದಿತ್ತು. ಹೊಸದನ್ನೂ ಹೀಗೆ ಪರೀಕ್ಷಿಸದೆ ನಾನು ಈಗ ಹಾಕುವುದಿಲ್ಲ.

ಹೊರಗಿನ ಕೊಳೆಗೂ ಒಳಗಿನಷ್ಟೇ ಗಮನ ಬೇಕು. ಎಂಜಿನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ರೇಡಿಯೇಟರಿನ ಮುಂದೆ ಇರುವ ಟ್ರಕ್ಕಿನಲ್ಲಿ ಮುಂದಿನಿಂದ ನೋಡಿದಾಗ ಎಲ್ಲ ಸ್ವಚ್ಛವಾಗಿ ಕಂಡರೂ, ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹುಳು, ಹೊಟ್ಟು, ಎಣ್ಣೆ ಕುಡಿದ ಧೂಳು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಇಂಟರ್‌ಕೂಲರಿನ ಬೋಲ್ಟುಗಳನ್ನು ಸಡಿಲಿಸಿ ಮುಂದಕ್ಕೆ ವಾಲಿಸಿದ ಹೊರತು ಅದು ಕಣ್ಣಿಗೆ ಬೀಳುವುದಿಲ್ಲ. ಜಿಡ್ಡು ಬಿಡಿಸುವ ದ್ರಾವಣ ಸಿಂಪಡಿಸಿ ನೆನೆಯಲು ಬಿಟ್ಟು, ಫ್ಯಾನಿನ ಕಡೆಯಿಂದ ಮುಂದಕ್ಕೆ ಸಾಧಾರಣ ಒತ್ತಡದ ನೀರನ್ನು ನೇರವಾಗಿ ಹಾಯಿಸಬೇಕು. ಪ್ರೆಷರ್ ವಾಷರನ್ನು ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಹೋಸುಗಳನ್ನು ಹಿಸುಕಿ ನೋಡಬೇಕು. ಕ್ಲಿಪ್ಪಿನ ಹತ್ತಿರ ಮೆತ್ತಗಾಗಿದ್ದರೆ ಒಳಗಿನಿಂದ ಬಿರಿಯುತ್ತಿದೆ ಎಂದರ್ಥ. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇದ್ದದ್ದಾದರೆ ಹೊಸ ಹೋಸಿಗೂ ಅದು ಇರಲೇಬೇಕು, ಇಲ್ಲದಿದ್ದರೆ ಪಂಪಿನ ಹೀರುವಿಕೆಗೆ ಹೋಸು ಚಪ್ಪಟೆಯಾಗುತ್ತದೆ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಹನಿ ಇಳಿಯತೊಡಗಿದರೆ ಸೀಲ್ ಸವೆದಿದೆ. ಆ ರಂಧ್ರ ಇರುವುದೇ ಅದನ್ನು ತಿಳಿಸಲು, ಅದನ್ನು ಎಂದೂ ಮುಚ್ಚಬಾರದು. ಬೆಲ್ಟಿನ ಬಿಗಿ, ಫ್ಯಾನ್ ಕ್ಲಚ್ಚು, ಫ್ಯಾನಿನ ಸುತ್ತಲಿನ ಶ್ರೌಡು ಇವನ್ನೂ ಅದೇ ದಿನ ನೋಡಿಬಿಡಬಹುದು.

ಮುಚ್ಚಳದ ಬಗ್ಗೆ ಮಾತ್ರ ಅವಸರ ಮಾಡಬಾರದು. ವ್ಯವಸ್ಥೆಯ ಒತ್ತಡ 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಹೆಚ್ಚಿದಂತೆ ನೀರು ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಮೇಲೇರುತ್ತದೆ. ಮುಚ್ಚಳದ ರಬ್ಬರು ಒಡೆದು ಒತ್ತಡ ನಿಲ್ಲದಿದ್ದರೆ ಆ ಲಾಭವೆಲ್ಲ ಹೋಗುತ್ತದೆ, ಜೊತೆಗೆ ಲೈನರುಗಳಿಗೂ ಅಪಾಯ ಬರುತ್ತದೆ. ನೀರಿನಲ್ಲಿ ನೇರವಾಗಿ ನಿಂತಿರುವ ಲೈನರುಗಳ ಎಂಜಿನಿನಲ್ಲಿ ಪಿಸ್ಟನ್ನು ಒಂದು ಬದಿಗೆ ತಾಡಿಸಿದಾಗಲೆಲ್ಲ ಲೈನರ್ ಗಂಟೆಯಂತೆ ಕಂಪಿಸುತ್ತದೆ. ಅದರ ಗೋಡೆ ನೀರಿನಿಂದ ಹಿಂದೆ ಸರಿದ ಕ್ಷಣದಲ್ಲಿ ಸೂಕ್ಷ್ಮವಾದ ಹಬೆಯ ಗುಳ್ಳೆಗಳು ಹುಟ್ಟುತ್ತವೆ, ಮರುಕ್ಷಣ ಅವು ಗೋಡೆಗೆ ಅಂಟಿಕೊಂಡೇ ಕುಸಿದು ಲೋಹವನ್ನು ಕಣಕಣವಾಗಿ ಕೀಳುತ್ತವೆ. ಹೀಗೆ ಸಾಲಾಗಿ ಎದ್ದ ಸಣ್ಣ ಕುಳಿಗಳು ಆಳವಾಗುತ್ತ ಹೋಗಿ ಕೊನೆಗೆ ಲೈನರ್ ತೂತಾಗಿ, ನೀರು ಸಿಲಿಂಡರಿಗೂ ಎಂಜಿನ್ ಆಯಿಲಿಗೂ ಸೇರುತ್ತದೆ. ಬಿಚ್ಚಿಟ್ಟ ಹಳೆಯ ಲೈನರಿನ ಹೊರಮೈ ಮೇಲೆ ಬೆರಳಾಡಿಸಿದಾಗ, ಗೆದ್ದಲು ತಿಂದ ಮರದಂತೆ, ಒಂದೇ ಪಟ್ಟಿಯಲ್ಲಿ ಆ ಕುಳಿಗಳು ಕೈಗೆ ತಾಗಿದ್ದು ನನಗೆ ಇನ್ನೂ ನೆನಪಿದೆ. ಬರಿಯ ನೀರು ತುಂಬಿಸಿ ಓಡಿಸುವವರಿಗೆ ಗೇಜು ಈ ಅಪಾಯವನ್ನು ಎಂದೂ ತೋರಿಸುವುದಿಲ್ಲ.

ಇದಕ್ಕಾಗಿಯೇ ಭಾರಿ ಡೀಸೆಲ್ ಎಂಜಿನುಗಳ ಸಾಂಪ್ರದಾಯಿಕ ಕೂಲೆಂಟಿಗೆ ನೈಟ್ರೈಟ್ ಇರುವ ಸಂರಕ್ಷಕವನ್ನು ಸೇರಿಸುತ್ತಾರೆ. ಅದು ಲೈನರಿನ ಮೈಮೇಲೆ ತೆಳುವಾದ ಗಟ್ಟಿ ಪೊರೆಯೊಂದನ್ನು ಕಟ್ಟುತ್ತದೆ, ಗುಳ್ಳೆಗಳ ಪೆಟ್ಟು ಆ ಪೊರೆಗೆ ಬೀಳುತ್ತದೆ, ಪೊರೆ ಮತ್ತೆ ಕಟ್ಟುತ್ತದೆ. ಓಡಿದಷ್ಟೂ ಈ ರಾಸಾಯನಿಕ ಖರ್ಚಾಗುವುದರಿಂದ ಪರೀಕ್ಷಾ ಪಟ್ಟಿಯನ್ನು ಅದ್ದಿ ಬಣ್ಣ ನೋಡಿಕೊಂಡೇ ಸೇರಿಸಬೇಕು. ಹೆಚ್ಚಾದರೆ ಒಳ್ಳೆಯದೆಂದು ಸುರಿದರೆ ಅದೇ ಲೋಳೆಯಾಗಿ ನಳಿಕೆಗಳನ್ನು ಕಟ್ಟಿ ಪಂಪಿನ ಸೀಲನ್ನು ಸವೆಸುತ್ತದೆ. ಗ್ಲೈಕಾಲ್ ಮತ್ತು ಭಟ್ಟಿ ಇಳಿಸಿದ ನೀರನ್ನು ನಾನು ಅರ್ಧಕ್ಕರ್ಧ ಬೆರೆಸುತ್ತೇನೆ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ, ಮುಚ್ಚಳ ತೆರೆದಿದ್ದರೂ ಸುಮಾರು 107 ಡಿಗ್ರಿವರೆಗೆ ಕುದಿಯುವುದಿಲ್ಲ. ಗ್ಲೈಕಾಲನ್ನು ಇನ್ನೂ ಹೆಚ್ಚಿಸಿದರೆ ಶಾಖ ಹೊರುವ ಶಕ್ತಿ ಕುಗ್ಗುತ್ತದೆ. ಕೂಲೆಂಟಿನ ಬಣ್ಣ ನೋಡಿ ಅದರ ಜಾತಿಯನ್ನು ನಿರ್ಧರಿಸಬಾರದು, ಡಬ್ಬಿಯ ಮೇಲಿನ ವಿವರವನ್ನೇ ಓದಬೇಕು.

ತುಂಬಿಸುವಾಗ ನಿಧಾನವಾಗಿ ಸುರಿದು, ಗಾಳಿ ಬಿಡುವ ಸ್ಕ್ರೂಗಳನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಮಾಡಿದೆ. ಎಂಜಿನ್ ಬಿಸಿಯಾಗಿ ತಣಿದ ಮೇಲೆ ಮಟ್ಟ ಇಳಿದದ್ದನ್ನು ಮತ್ತೆ ಭರ್ತಿ ಮಾಡಿದೆ. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಹೆಡ್ಡು ಸೀಳುತ್ತದೆ, ಎಷ್ಟೇ ತುರ್ತಿದ್ದರೂ ಅದು ಕೂಡದು.

ಇಷ್ಟೆಲ್ಲ ಆದ ಮೇಲೂ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದು ಅನುಭವಿ ಮೆಕ್ಯಾನಿಕ್ಕೊಬ್ಬರು ತೀರ್ಪು ಕೊಟ್ಟರು. ಬಿಚ್ಚುವ ಮುನ್ನ ನಾನು ಗುಳ್ಳೆಗಳನ್ನೇ ನೋಡುತ್ತ ನಿಂತೆ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬುತ್ತಿದ್ದಷ್ಟು ಹೊತ್ತು ಅವು ಎಡೆಬಿಡದೆ ಬರುತ್ತಿದ್ದವು. ಟ್ಯಾಂಕು ತುಂಬಿ, ಗಾಳಿಯ ಒತ್ತಡವನ್ನು ಮಿತಿಯಲ್ಲಿಡುವ ಗವರ್ನರ್ ಪುಸ್ಸೆಂದು ಗಾಳಿ ಬಿಟ್ಟೊಡನೆ ನೀರು ಶಾಂತವಾಯಿತು. ಕ್ಯಾಬಿನಿನಲ್ಲಿ ಕೂತು ಬ್ರೇಕ್ ಪೆಡಲನ್ನು ಹತ್ತಾರು ಸಲ ತುಳಿದು ಗಾಳಿ ಇಳಿಸಿದೆ. ಗಾಳಿ ತುಂಬುವ ಕಂಪ್ರೆಸರ್ ಮತ್ತೆ ದುಡಿಯತೊಡಗಿತು, ಗುಳ್ಳೆಗಳೂ ಮರಳಿದವು. ಏರ್ ಕಂಪ್ರೆಸರನ್ನು ತಣಿಸುವುದೂ ಇದೇ ನೀರು. ಅದರ ಪುಟ್ಟ ಹೆಡ್ಡಿನ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಸುಟ್ಟು, ಗಾಳಿಯನ್ನು ನೀರಿಗೆ ತಳ್ಳುತ್ತಿತ್ತು. ಆ ಗ್ಯಾಸ್ಕೆಟ್ಟನ್ನು ಬದಲಿಸಲು ಒಂದು ಮಧ್ಯಾಹ್ನ ಸಾಕಾಯಿತು, ಎಂಜಿನಿನ ಹೆಡ್ಡನ್ನು ಯಾರೂ ಮುಟ್ಟಬೇಕಾಗಲಿಲ್ಲ.