ಆಸ್ರಿಗೆ ಎಂತ ಬೇಕು?

ಶಿರಸಿ ಕಡೆ ಮನೆಯ ಮೆಟ್ಟಿಲು ಹತ್ತಿದವರನ್ನು ಮೊದಲು ಎದುರುಗೊಳ್ಳುವುದು ಈ ಪ್ರಶ್ನೆ. ಆಸ್ರಿಗೆ ಅಂದರೆ ಬಾಯಾರಿಕೆಗೆ. ಏಪ್ರಿಲ್ ರಜೆಗೆ ನಾನು ಕಾರವಾರದಿಂದ ಕುಮಟಾಕ್ಕೆ ಬಂದು, ದೇವಿಮನೆ ಘಟ್ಟ ಹತ್ತಿ ಗೆಳತಿಯ ತವರು ಸೇರಿದಾಗ ಅವಳ ಅಮ್ಮ ಜಗಲಿಗೇ ಬಂದರು. "ತಂಗೀ, ಆಸ್ರಿಗೆ ಎಂತ ಬೇಕು? ಕಷಾಯನ, ಮಜ್ಜಿಗೆನ?"

ಕಷಾಯ ಅಂದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿಗೆ ಬೆಲ್ಲ, ಹಾಲು ಹಾಕಿ ಕುದಿಸಿದ್ದು. ಘಟ್ಟದ ತಿರುವುಗಳಲ್ಲಿ ತೊಳಸುತ್ತಿದ್ದ ಹೊಟ್ಟೆ ಅರ್ಧ ಲೋಟಕ್ಕೇ ಸುಮ್ಮನಾಯಿತು.

ಮರುದಿನ ಬೆಳಿಗ್ಗೆ ಮಾರಿಕಾಂಬೆಯ ಗುಡಿಗೆ ಹೋದೆವು. 1688ರಲ್ಲಿ ಕಟ್ಟಿದ್ದು, ಒಳಗೆ ಸುಮಾರು ಏಳು ಅಡಿ ಎತ್ತರದ ಮರದ ಮೂರ್ತಿ. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಬಿಡ್ಕಿ ಬೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಹೋದ ದಿನ ಗುಡಿಯಲ್ಲಿ ಜನವೇ ಇರಲಿಲ್ಲ. ಗೋಡೆಯ ಕಾವಿ ಚಿತ್ತಾರಗಳನ್ನು ಒಂದೊಂದಾಗಿ ನೋಡುತ್ತ ನಿಂತೆ. ಗೆಳತಿಗೆ ಪೇಟೆಯ ಅವಸರ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಅಪ್ಪೆಮಿಡಿಯ ಕಾಲವಲ್ಲವೇ! ಮಿಡಿಯನ್ನು ತೂಕಕ್ಕಲ್ಲ, ಎಣಿಸಿ ಕೊಡುತ್ತಾರೆ. ಅವಳು ತೊಟ್ಟು ಮುರಿದು, ಸೊನೆ ಮೂಸಿ ಆರಿಸುತ್ತಿದ್ದಳು. ನನಗೂ ಒಂದು ಕೊಟ್ಟಳು: ಥೇಟ್ ಜೀರಿಗೆಯ ಪರಿಮಳ.

ಮಧ್ಯಾಹ್ನ ಅದರದೇ ಅಪ್ಪೆಹುಳಿ. ಮಿಡಿಯನ್ನು ಬೇಯಿಸಿ ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು, ಚೂರು ಬೆಲ್ಲ. ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ. ಸಾರಿನಂತೆ ಕಂಡರೂ ಸಾರಲ್ಲ. ಊಟದ ಕೊನೆಗೆ ಅನ್ನಕ್ಕೆ ಒಂದಿಷ್ಟು ಸುರಿದುಕೊಂಡು, ಉಳಿದದ್ದನ್ನು ಲೋಟದಲ್ಲಿ ಹಾಗೇ ಕುಡಿಯಬೇಕು. ಹುಳಿ ಮೊದಲು ದವಡೆಗೆ ತಾಗುತ್ತದೆ, ಇಂಗು ಆಮೇಲೆ ಮೂಗಿಗೆ ಬರುತ್ತದೆ. ಮೂರು ಲೋಟ ಕುಡಿದೆ. ಕುಡಿದರೆ ನಿದ್ದೆ ಬರುತ್ತದೆ ಅನ್ನುತ್ತಾರೆ. ನಾನಂತೂ ಜಗಲಿಯ ಚಾಪೆಯಲ್ಲಿ ನಾಲ್ಕರವರೆಗೆ ಎದ್ದಿಲ್ಲ. ಎದ್ದ ಮೇಲೆ ಸಹಸ್ರಲಿಂಗಕ್ಕೆ ಹೋಗಿ, ಬೇಸಿಗೆಗೆ ಇಳಿದ ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಕತ್ತಲಾಗುವ ತನಕ ಕೂತಿದ್ದೆವು.

ನಮ್ಮ ಕರಾವಳಿಯಲ್ಲಿ ಮೀನೂಟದ ಕೊನೆಗೆ ಮುರುಗಲು, ತೆಂಗಿನ ಹಾಲಿನ ಸೋಲ್ ಕಢಿ ಬೇಕು. ಘಟ್ಟದ ಮೇಲೆ ಅದೇ ಜಾಗದಲ್ಲಿ ಅಪ್ಪೆಹುಳಿ ಕೂತಿದೆ ಅಂತ ಆ ಮೂರು ಲೋಟದಲ್ಲಿ ನನಗೆ ಹೊಳೆಯಿತು. ಹೇಗೂ ಮನೆಯಿಂದ ಒಣ ಸೋಲು, ಅಂದರೆ ಮುರುಗಲಿನ ಒಣಗಿಸಿದ ಸಿಪ್ಪೆ, ತಂದಿದ್ದೆ. ಮೂರನೇ ದಿನ ನಾನೇ ಕಢಿ ಮಾಡುತ್ತೇನೆ ಅಂದೆ. ಅಮ್ಮನಿಗೆ ಮುರುಗಲು ಹೊಸದಲ್ಲ. ಅದರ ಪಾನಕ ಮಾಡುತ್ತಾರೆ, ಬೀಜದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಆದರೆ ತೆಂಗಿನ ಹಾಲಿಗೆ ಬೆರೆಸಿದ್ದನ್ನು ಕಂಡಿರಲಿಲ್ಲ. ಆ ಅಡುಗೆಮನೆಗೆ ಬೆಳ್ಳುಳ್ಳಿ ಬರುವುದಿಲ್ಲ. ಬೆಳ್ಳುಳ್ಳಿ ಇಲ್ಲದ ಕಢಿ ನಾನು ಯಾವತ್ತೂ ಮಾಡಿದವಳಲ್ಲ, ಕೈ ಅಳುಕಿತು. ಜೀರಿಗೆ, ಹಸಿಮೆಣಸು ಜಜ್ಜಿ ಹಾಕಿದೆ. ನೆನೆಸಿದ ಸೋಲಿನ ನೀರು ಬೀಳುತ್ತಲೇ ಹಾಲು ಗುಲಾಬಿಗೆ ತಿರುಗಿತು. ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

ಊಟಕ್ಕೆ ಎರಡು ಲೋಟ ಕುಡಿದರು. ಪಾತ್ರೆ ಎತ್ತಿಡಲು ಹೋದೆ, "ರಾತ್ರಿಗೂ ಸ್ವಲ್ಪ ಇಡು ತಂಗೀ" ಅಂದರು.