7ನ್ನು 2ರಿಂದ ಭಾಗಿಸಿದರೆ

ಸರಸ್ವತಿಪುರಂನ ಮನೆಯಲ್ಲಿ ಮೂರು ರಾತ್ರಿ ಕೂತು ನನ್ನ ಪಿಎಚ್‌ಡಿ ಕಾಲದ ಸಣ್ಣ ಕಂಪ್ಯೂಟರ್ ಪ್ರೋಗ್ರಾಂಗಳನ್ನು, ಅಂದರೆ ಸ್ಕ್ರಿಪ್ಟ್‌ಗಳನ್ನು ಸರಿಮಾಡಿದೆ. ನೀರಿನಲ್ಲಿ ಪ್ರೋಟೀನ್ ಹೇಗೆ ಅಲುಗಾಡುತ್ತದೆ ಅನ್ನೋ ಲೆಕ್ಕ ಅದು. ಬರೆದದ್ದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ, ಪೈಥಾನ್ 2ರಲ್ಲಿ. ಅದಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ.

ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ 3. ಹೊಸ ಆವೃತ್ತಿ ಪೈಥಾನ್ 3ರಲ್ಲಿ 3.5. ತಪ್ಪಾಯಿತು ಅಂತ ಯಾರೂ ಹೇಳುವುದಿಲ್ಲ, ಉತ್ತರ ಸುಮ್ನೆ ಬದಲಾಗಿರುತ್ತದೆ. ನನಗೆ ನಿಜಕ್ಕೂ ಭಯವಾಯಿತು.

ಅಣುಗಳ ಅಲುಗಾಟವನ್ನು ಲೆಕ್ಕ ಹಾಕುವ ತಂತ್ರಾಂಶ ಗ್ರೋಮ್ಯಾಕ್ಸ್ ಮಾತ್ರ ಇನ್ನೂ ಓಡುತ್ತಿದೆ. 1991ರಲ್ಲಿ ನೆದರ್ಲೆಂಡ್ಸ್‌ನ ಗ್ರೊನಿಂಗನ್‌ನಲ್ಲಿ ಶುರುವಾದದ್ದು. ಸಿ ಭಾಷೆಯಿಂದ ಸಿ ಪ್ಲಸ್ ಪ್ಲಸ್‌ಗೆ ಬಂತು, ಜಿಪಿಯು ಅನ್ನೋ ಗ್ರಾಫಿಕ್ಸ್ ಚಿಪ್‌ಗೂ ಹೊಂದಿಕೊಂಡಿತು. ಈ ರಿಪೇರಿ ಕೆಲಸಕ್ಕೆ ಹೊಸ ಸಂಶೋಧನೆಗೆ ಸಿಗುವಷ್ಟು ಹೆಸರು ಸಿಗಲ್ಲ, ಅಲ್ವಾ? ಸಿಗಬೇಕು.

ಮಂಡ್ಯದಲ್ಲಿ ಅಪ್ಪ ನೀರು ಬಿಡುವ ಮೊದಲೇ ಗದ್ದೆ ಕಾಲುವೆಯ ಹೂಳು ತೆಗೆಯುತ್ತಾರೆ. ನಾನೂ ಈಗ ಪ್ರತಿ ಸ್ಕ್ರಿಪ್ಟ್ ಜೊತೆ ಉತ್ತರ ಗೊತ್ತಿರುವ ಒಂದು ಸಣ್ಣ ಲೆಕ್ಕ ಇಡುತ್ತಿದ್ದೇನೆ, ಉತ್ತರ ಬದಲಾದರೆ ಮೊದಲೇ ಗೊತ್ತಾಗಲಿ ಅಂತ.