ಹಾಡು ಬೇಡ ಅಂದಾಗ

1178ರಲ್ಲಿ ಜರ್ಮನಿಯ ರೈನ್ ನದಿ ದಂಡೆಯ ಒಂದು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಹಾಡು ನಿಂತುಹೋಯಿತು. ಬಿಂಗನ್ ಊರಿನ ಹತ್ತಿರದ ರೂಪರ್ಟ್ಸ್‌ಬರ್ಗ್ ಮಠ ಅದು. ಅಲ್ಲಿನ ಮುಖ್ಯಸ್ಥೆ ತಾಯಿ ಹಿಲ್ಡೆಗಾರ್ಡ್‌ಗೆ ಆಗ 80 ವರ್ಷ. ಹಿಂದೊಮ್ಮೆ ಧರ್ಮಸಭೆಯಿಂದ, ಅಂದರೆ ಚರ್ಚಿನಿಂದ, ಹೊರಗೆ ಹಾಕಿದ್ದ ಒಬ್ಬ ಗಣ್ಯನನ್ನು ಮಠದ ನೆಲದಲ್ಲಿ ಹೂಳಿದ್ದರು. ಹೊರಗೆ ಹಾಕಿದವರನ್ನು ಅಂಥ ಪವಿತ್ರ ನೆಲದಲ್ಲಿ ಹೂಳುವಂತಿರಲಿಲ್ಲ. ಅವನು ಸಾಯುವ ಮೊದಲೇ ಧರ್ಮಸಭೆಯ ಜೊತೆ ರಾಜಿಯಾಗಿದ್ದ ಅನ್ನೋದು ತಾಯಿಯ ಮಾತು. ಮೈನ್ಸ್ ನಗರದ ಗುರುಗಳು ಒಪ್ಪಲಿಲ್ಲ, ಹೆಣ ಹೊರಗೆ ತೆಗೆಯಿರಿ ಎಂದರು. ತಾಯಿ ತೆಗೆಯಲಿಲ್ಲ. ಶಿಕ್ಷೆ ಬಂತು. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ ಪರಮಪ್ರಸಾದ ಇಲ್ಲ, ಹಾಡೂ ಇಲ್ಲ. ಪ್ರಾರ್ಥನೆಯನ್ನು ಮೆಲ್ಲಗೆ ಓದಿಕೊಳ್ಳಬಹುದು, ಅಷ್ಟೇ.

ಜರ್ಮನಿಯ ಕಲೋನ್ ನಗರದಲ್ಲಿ ಅದೇ ತಾಯಿ ಕಟ್ಟಿದ ಹಾಡುಗಳ ಕಛೇರಿಗೆ ಹೋದಾಗ ನನ್ನ ಮನಸ್ಸು ಪೂರ್ತಿ ಈ ಘಟನೆಯ ಮೇಲೇ ಇತ್ತು.

ಕಛೇರಿ ನಡೆದದ್ದು ಸಾಂಕ್ಟ್ ಮರಿಯಾ ಇಮ್ ಕಾಪಿಟೋಲ್ ಎಂಬ ಚರ್ಚಿನಲ್ಲಿ. 11ನೇ ಶತಮಾನದ ಕಟ್ಟಡ. ಎರಡನೇ ಮಹಾಯುದ್ಧದ ಬಾಂಬಿಗೆ ತುಂಬಾ ಹಾಳಾಗಿತ್ತು, ಮತ್ತೆ ಕಟ್ಟಿದ್ದಾರೆ. ಅದರ ಹಳೆಯ ಮರದ ಬಾಗಿಲು ಉಳಿದುಕೊಂಡಿದೆ. ಯೇಸುವಿನ ಬದುಕಿನ ದೃಶ್ಯಗಳನ್ನು ಅದರಲ್ಲಿ ಕೆತ್ತಿದ್ದಾರೆ. ಒಳಗೆ 1304ರ ಒಂದು ಶಿಲುಬೆ ಇದೆ. ಕವಲೊಡೆದ ಮರದ ಮೇಲೆ ಪಕ್ಕೆಲುಬು ಎದ್ದು ಕಾಣುವ, ನೋವಿನಲ್ಲಿ ಸೊರಗಿದ ಪ್ರಭು. ಅದರ ಮುಂದೆ ನಿಂತು ಎರಡು ನಿಮಿಷ ಜಪ ಮಾಡದೆ ಮುಂದೆ ಹೋಗೋಕೆ ನನಗೆ ಆಗುವುದಿಲ್ಲ.

ಹಾಡಿದವರೆಲ್ಲ ಹೆಣ್ಣುಮಕ್ಕಳು. ಲ್ಯಾಟಿನ್ ಪದಗಳು, ಒಂದೇ ಸ್ವರಸಾಲು. ಹಸ್ತಪ್ರತಿಗಳಲ್ಲಿ ಇರುವುದೂ ಅಷ್ಟೇ. ಪಕ್ಕವಾದ್ಯವನ್ನು ಅಲ್ಲಿ ಬರೆದಿಲ್ಲ, ತಾಳವನ್ನೂ ಗುರುತು ಮಾಡಿಲ್ಲ. ಇಲ್ಲಿ ಇಬ್ಬರು ಕೆಳಗಿನ ಒಂದು ಸ್ವರ ಹಿಡಿದು ನಿಂತರು, ನಮ್ಮ ತಂಬೂರಿಯ ಶ್ರುತಿಯ ಹಾಗೆ. ಉಳಿದವರು ಮೇಲೆ ಹೋದರು. ಎಷ್ಟು ಮೇಲೆ ಅಂತೀರಿ! ಆ ಕಾಲದ ಚರ್ಚ್ ಹಾಡುಗಳು ಸಾಮಾನ್ಯವಾಗಿ ಒಂದು ಸ್ಥಾಯಿಯ ಒಳಗೇ ಓಡಾಡುತ್ತವೆ. ಹಿಲ್ಡೆಗಾರ್ಡ್ ಎಷ್ಟೋ ಸಲ ಅದನ್ನು ದಾಟಿ ಹೋಗುತ್ತಾರೆ. ಒಂದೇ ಅಕ್ಷರವನ್ನು ಎಳೆದು ಎಳೆದು, ಉಸಿರು ಮುಗಿಯುವವರೆಗೂ ಬಿಡುವುದಿಲ್ಲ. ಇಂಥ ಹಾಡುಗಳನ್ನು 70ಕ್ಕೂ ಹೆಚ್ಚು ಕಟ್ಟಿದ್ದಾರೆ. ಅದೇ ಶತಮಾನದಲ್ಲಿ ಅತ್ತ ಕಲ್ಯಾಣದಲ್ಲಿ ಶರಣೆಯರು ವಚನ ಹೇಳುತ್ತಿದ್ದರು ಅನ್ನೋದು ನೆನಪಾಗಿ ಮೈ ಜುಮ್ಮೆಂದಿತು.

ಇಂಥ ತಾಯಿಗೆ ಹಾಡಬೇಡಿ ಅಂದಿದ್ದರು. ಅವರು ಸುಮ್ನೆ ಕೂರಲಿಲ್ಲ, ಮೈನ್ಸ್‌ಗೆ ಒಂದು ಕಾಗದ ಬರೆದರು. ಪಾಪ ಮಾಡುವ ಮೊದಲು ಆದಾಮನ ದನಿ ದೇವದೂತರ ದನಿಯ ಜೊತೆ ಸೇರುತ್ತಿತ್ತು, ಹಾಡುವಾಗ ನಮಗೆ ಆ ಕಳೆದುಹೋದ ಸ್ವರ್ಗದ ನೆನಪು ಬರುತ್ತದೆ, ಅದಕ್ಕೇ ಸೈತಾನನಿಗೆ ಹಾಡು ಕಂಡರೆ ಆಗುವುದಿಲ್ಲ ಎಂದರು. ಸರಿಯಾದ ಕಾರಣವಿಲ್ಲದೆ ದೇವರ ಸ್ತುತಿಯನ್ನು ನಿಲ್ಲಿಸಿದವರಿಗೆ ಮೇಲಿನ ಲೋಕದ ಸ್ತುತಿಯಲ್ಲಿ ಪಾಲು ಸಿಗುವುದಿಲ್ಲ ಎಂದೂ ಎಚ್ಚರಿಸಿದರು. ಅವರು ಬರೆದ ಒಂದು ನಾಟಕದಲ್ಲಿ ಸದ್ಗುಣಗಳೆಲ್ಲ ಹಾಡುತ್ತವೆ, ಸೈತಾನ ಮಾತ್ರ ಬರೀ ಮಾತಾಡುತ್ತಾನೆ. ಈ ನಂಬಿಕೆ ಅವರಲ್ಲಿ ಅಷ್ಟು ಗಟ್ಟಿ.

2020ರಲ್ಲಿ ಕೊರೊನಾ ಹೊತ್ತಿನಲ್ಲಿ ಜರ್ಮನಿಯ ಎಷ್ಟೋ ಚರ್ಚುಗಳಲ್ಲಿ ಬಲಿಪೂಜೆ (ಮಾಸ್) ಮತ್ತೆ ಶುರುವಾದರೂ ಜನ ಹಾಡೋ ಹಾಗಿರಲಿಲ್ಲ. ಕಾರಣ ಸರಿಯಾದದ್ದೇ. ಆದರೆ ಆರ್ಗನ್ ನುಡಿಯುವಾಗ ಬಾಯಿ ಮುಚ್ಚಿ ನಿಂತಿದ್ದೆವಲ್ಲ, ಆ ಸಂಕಟ ಇನ್ನೂ ಹೋಗಿಲ್ಲ. ಗಂಟಲಲ್ಲಿ ಪ್ರಾರ್ಥನೆ ಸಿಕ್ಕಿಹಾಕಿಕೊಂಡಿತ್ತು. ಹಾಡನ್ನು ಪೂಜೆಯ ಅಲಂಕಾರ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಾಡೇ ಪೂಜೆ. ಟಿಕೆಟ್ ಕೊಟ್ಟು ಕೇಳಿದರೂ ಅಷ್ಟೇ. ಆ ಸಂಜೆ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಕೈ ಜೋಡಿಸಿದವರು ಕೊನೆಯವರೆಗೂ ಬಿಡಿಸಲಿಲ್ಲ. ಅವರಿಗೆ ಅದು ಬರೀ ಕಛೇರಿ ಆಗಿರಲಿಕ್ಕಿಲ್ಲ, ಅಲ್ವಾ?

ಶಿಕ್ಷೆ 1179ರಲ್ಲಿ ರದ್ದಾಯಿತು. ಮಠದಲ್ಲಿ ಮತ್ತೆ ಹಾಡು ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ತಾಯಿ ತೀರಿಕೊಂಡರು. ರೂಪರ್ಟ್ಸ್‌ಬರ್ಗ್ ಮಠ 1632ರ ಯುದ್ಧದಲ್ಲಿ ನಾಶವಾಯಿತು. ಅವರ ಪವಿತ್ರ ಅವಶೇಷಗಳು ಈಗ ರೈನ್‌ನ ಆಚೆ ದಡದ ಐಬಿಂಗನ್ ಚರ್ಚಿನಲ್ಲಿವೆ. ಪ್ರತಿ ವರ್ಷ ಅವರ ಹಬ್ಬದ ದಿನ ಅಲ್ಲಿ ಮೆರವಣಿಗೆ ನಡೆಯುತ್ತದೆ. ಮೇಲಿನ ಗುಡ್ಡದ ಮಠದಲ್ಲಿ ಸನ್ಯಾಸಿನಿಯರು ಇವತ್ತಿಗೂ ದಿನದ ಪ್ರಾರ್ಥನೆಯನ್ನು ಹಾಡುತ್ತಾರೆ, ಯಾರು ಬೇಕಾದರೂ ಹೋಗಿ ಕೂರಬಹುದು. ಈ ಸಲದ ಹಬ್ಬಕ್ಕೆ ಅಲ್ಲಿಗೆ ಹೋಗುತ್ತೇನೆಂದು ತಾಯಿಗೆ ಹರಕೆ ಹೊತ್ತಿದ್ದೇನೆ.